ವೈರಿಗೆ ಹೊದಿಸಿದ ಶಾಲು

ಗಂಗಾನಗರದ ಜೈನಾಬ್ ಮೇಡಂ ನಾಲ್ಕು ಕಾದಂಬರಿ ಬರೆದಿದ್ದರು. ಮನೆಯಲ್ಲಿ ಆಡುವುದು ದಖ್ಖನಿ ಉರ್ದು, ಬರೆಯುವುದು ಮಾತ್ರ ಎಂಥ ಕನ್ನಡ ಎಂದು ಸಭೆ ಸಭೆಯಲ್ಲೂ ಜನ ಕೊಂಡಾಡುತ್ತಿದ್ದರು. ಕಾದಂಬರಿಯೊಳಗೆ ಏನಿದೆ ಎಂದು ಕೇಳಿದರೆ ಮಾತ್ರ ಆ ಜನಕ್ಕೆ ತಟ್ಟನೆ ಕಾಫಿಯ ನೆನಪಾಗುತ್ತಿತ್ತು.

ನಾಗಲಿಂಗಪ್ಪ ಹಾಗಲ್ಲ. ಗದಗ ಕಡೆಯವರು. ಯಶವಂತಪುರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಮಾಲಿನ ತಪಾಸಣೆ ಮಾಡಿ, ನಿವೃತ್ತರಾಗಿ ಕೆಂಪಾಪುರದಲ್ಲಿದ್ದರು. ನಟ್ಟು ಬೋಲ್ಟು ನೋಡಿದ ಕಣ್ಣಲ್ಲೇ ಕಾದಂಬರಿಯನ್ನೂ ನೋಡುತ್ತಿದ್ದರು. ಪುಸ್ತಕ ಬಂದ ವಾರದೊಳಗೆ ದೋಷಗಳ ಪಟ್ಟಿ ಅಂಚೆಯಲ್ಲಿ ಬರುತ್ತಿತ್ತು, ಕೊನೆಗೆ ದಪ್ಪಕ್ಷರದಲ್ಲಿ ‘ರಿಜೆಕ್ಟ್’ ಎಂದು. ಅದು ಸಾಲದೆ ಫೋನು ಬೇರೆ.

“ಮೇಡಂರೀ, ಪುಟ ನಲವತ್ತೊಂದರಾಗ ನಿಮ್ಮ ನಾಯಕಿ ಕೋಗಿಲಿನಿಂದ ಹೆಬ್ಬಾಳಕ್ಕ ಹತ್ತು ನಿಮಿಷದಾಗ ಬಂದಾಳ. ನಿನ್ನೆ ನಾನೂ ಬಸ್ಸಿನ್ಯಾಗ ಬಂದು ನೋಡೀನಿ. ಐವತ್ತೆರಡು ನಿಮಿಷ! ಆಕಿಗೇನು ರೆಕ್ಕಿ ಅದಾವೇನ್ರಿ?”

“ಅದು ಕಥೆ ಕಣ್ರೀ!”

“ಕತಿ ಇದ್ರೂ ಸಿಗ್ನಲ್ ಇರ್ತಾವಲ್ರೀ.”

ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿದ್ದ ಐದನೆಯದು ಪುಸ್ತಕವಾಗುವ ಹೊತ್ತಿಗೆ ಕಾಟ ಮಿತಿಮೀರಿತು. ಬಿಡುಗಡೆಯ ದಿನ ಅರವತ್ತಮೂರು ದೋಷಗಳನ್ನೂ ಮೈಕಿನಲ್ಲೇ ಓದುತ್ತೇನೆಂದು ನಾಗಲಿಂಗಪ್ಪ ಕಾಗದ ಹಾಕಿದರು. ಜೈನಾಬ್ ಪಾಠ ಮಾಡುವ ಕಾಲೇಜಿನ ಸಹೋದ್ಯೋಗಿಗಳು, ಬೀಗರು ಎಲ್ಲ ಬರುವ ಸಭೆ. ಜೈನಾಬ್‌ಗೆ ಅನ್ನ ಸೇರದಾಯಿತು.

ಪ್ರಕಾಶಕಿ ಪ್ರತಿಭಾ ನಕ್ಕುಬಿಟ್ಟರು. “ಅಯ್ಯೋ ಮೇಡಂ, ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀರ? ಅವರನ್ನೇ ಅಧ್ಯಕ್ಷರನ್ನಾಗಿ ಮಾಡ್ಬಿಡೋಣ. ಒಂದು ಶಾಲು, ಒಂದು ಪೇಟ, ಒಂದು ಹಣ್ಣಿನ ಬುಟ್ಟಿ. ಹಾರ ಬಿದ್ಮೇಲೆ ಯಾರಾದ್ರೂ ಬೈದಿದ್ದು ನಾನಂತೂ ನೋಡಿಲ್ಲ.”

ಆರ್.ಟಿ. ನಗರದ ಸಭಾಂಗಣದಲ್ಲಿ ಹಾಗೇ ಆಯಿತು. ಆಹ್ವಾನಪತ್ರಿಕೆಯಲ್ಲಿ ನಾಗಲಿಂಗಪ್ಪ ‘ಖ್ಯಾತ ಚಿಂತಕರು’ ಆಗಿದ್ದರು. ಅಧ್ಯಕ್ಷರ ಸರದಿ ಬರುವಷ್ಟರಲ್ಲಿ ಅರ್ಧ ಸಭೆ ಉಪ್ಪಿಟ್ಟಿನ ಕಡೆ ಹೊರಟಿತ್ತು. ಅವರು ಜೇಬಿನಿಂದ ಪಟ್ಟಿ ತೆಗೆದರು, ಪೇಟ ಸರಿಮಾಡಿಕೊಂಡರು, ಹೆಗಲ ಶಾಲನ್ನೊಮ್ಮೆ ಸವರಿದರು. ಪಟ್ಟಿ ಮತ್ತೆ ಜೇಬು ಸೇರಿತು.

“ಇದೊಂದು ಅದ್ಭುತ ಕೃತಿ,” ಎಂದರು. “ನಮ್ಮ ಕಾಲದ ಕೈಗನ್ನಡಿ.”

ಜೈನಾಬ್‌ಗೆ ಹೋದ ಜೀವ ಬಂದಂತಾಯಿತು.

ಆಮೇಲೆ ಪಟ್ಟಿಯಿಲ್ಲ, ಫೋನಿಲ್ಲ. ಹಾಯೆನಿಸಿತು. ಆದರೆ ಆರನೆಯ ಕಾದಂಬರಿಯ ಹದಿನೇಳನೇ ಅಧ್ಯಾಯಕ್ಕೆ ಬಂದಾಗ ಕೈ ತಡೆಯಿತು. ತಮ್ಮ ತಾಯಿ ಸಬೀರಾ ಆಸ್ಪತ್ರೆಯಲ್ಲಿ ತೀರಿಕೊಂಡದ್ದನ್ನು ಅದರಲ್ಲಿ ಇದ್ದದ್ದಿದ್ದಂತೆ ಬರೆದಿದ್ದರು. ನಿಜವಾಗಿ ಬಂದಿದೆಯೋ ನಾಟಕವಾಗಿದೆಯೋ ತಿಳಿಯದೆ ಒದ್ದಾಡಿದರು. ಗೆಳೆಯರಿಗೆ ವಾಟ್ಸಾಪಿನಲ್ಲಿ ಕಳಿಸಿದರೆ ನಲವತ್ತು ಪುಟಕ್ಕೆ ಅರ್ಧ ನಿಮಿಷದಲ್ಲಿ ಕೈಮುಗಿದ ಚಿತ್ರ ಬಂತು. ಈ ಸಾಹಿತ್ಯಲೋಕದಲ್ಲಿ ತನ್ನ ಪ್ರತಿ ಸಾಲನ್ನೂ ಓದಿದವರು ಒಬ್ಬರೇ ಎಂಬುದು ಆಗ ಹೊಳೆಯಿತು. ನಾಚಿಕೆ ಬಿಟ್ಟು, ಹಸ್ತಪ್ರತಿ ಹಿಡಿದು ಕೆಂಪಾಪುರಕ್ಕೆ ಹೋದರು.

ನಾಗಲಿಂಗಪ್ಪನವರ ಮನೆಯ ಗೋಡೆಯ ಮೇಲೆ ಈಗ ಸನ್ಮಾನದ ಒಂಬತ್ತು ಫೋಟೊ.

“ದಯವಿಟ್ಟು ಬಿಡಬೇಡಿ, ಚೆನ್ನಾಗಿ ಬೈಯಿರಿ,” ಎಂದರು ಜೈನಾಬ್. “ಹದಿನೇಳನೇ ಅಧ್ಯಾಯ ನಮ್ಮ ಅಮ್ಮೀದು. ಸುಳ್ಳು ಅನ್ಸಿದ್ರೆ ಸುಳ್ಳು ಅಂತಾನೇ ಬರೀರಿ.”

“ಛೇ ಛೇ, ನಿಮ್ಮಂಥಾವ್ರಿಗೆ ಬೈಯೋದೇನ್ರಿ! ಇಟ್ಟು ಹೋಗ್ರಿ. ಈ ವಾರ ಮೂರು ಕಾರ್ಯಕ್ರಮ ಅದಾವ.”

ಹತ್ತು ದಿನಕ್ಕೆ ಹಸ್ತಪ್ರತಿ ವಾಪಸು ಬಂತು. ಜೈನಾಬ್ ಕಟ್ಟಿದ್ದ ದಾರದ ಗಂಟು ಹಾಗೇ ಇತ್ತು. ಮೇಲೊಂದು ಮುನ್ನುಡಿ. ಈ ಸಂಕಲನದ ಕವಿತೆಗಳು ಸಮಾಜದ ಕಣ್ಣು ತೆರೆಸುತ್ತವೆ ಎಂದು ಶುರುವಾಗಿತ್ತು. ಕೊನೆಯ ಸಾಲಿಗೆ ಬಂದಾಗ ಜೈನಾಬ್‌ಗೆ ಅಳು ತಡೆಯಲಾಗಲಿಲ್ಲ. ಮಗಳ ಇಂಥ ಸಾಧನೆಗಳನ್ನು ಕಣ್ತುಂಬಿಕೊಳ್ಳಲು ಮಾತೃಶ್ರೀಯವರಿಗೆ ದೇವರು ಇನ್ನೂ ನೂರು ವರ್ಷ ಆಯುಸ್ಸು ಕೊಡಲಿ ಎಂದು ನಾಗಲಿಂಗಪ್ಪ ಹಾರೈಸಿದ್ದರು.