ನಾಯಿ ಕಂಡು ನುಂಗಿದ್ದು

ಗೇಟಿನಲ್ಲಿ ಪೊಲೀಸರ ನಾಯಿ ಕಂಡ ಕೂಡಲೇ ನನ್ನ ತಮ್ಮ ಕೀಲನ್ ಜೇಬಿನಲ್ಲಿದ್ದ ಎರಡೂ ನಶೆ ಮಾತ್ರೆ ನುಂಗಿಬಿಟ್ಟ. ಸಂಗೀತದ ಜಾತ್ರೆಗೆ ಬರುವ ನಮ್ಮಂಥವರು ಮಾಡುವುದೇ ಅದು. ಮೂಸುವ ಮೊದಲು ಮಾಲು ಹೊಟ್ಟೆಯೊಳಗೆ. ಮಾತ್ರೆಯಲ್ಲಿ ಏನೇನು ಬೆರೆತಿದೆಯೆಂದು ನೋಡಿ ಹೇಳುವ ಡೇರೆ ಒಳಗಿದೆ, ಅಲ್ಲಿ ತೋರಿಸಿಯೇ ತಿನ್ನುವುದೆಂದು ಮಾತಾಗಿತ್ತು. ಡೇರೆ ಹಾಕಿಸಿದ ಸರ್ಕಾರವೇ ಅದರ ದಾರಿಗೆ ನಾಯಿಯನ್ನೂ ನಿಲ್ಲಿಸಿದೆ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವನು ನಾನು. ಈ ಬುದ್ಧಿ ಎಷ್ಟು ಓದಿದರೆ ಬರುತ್ತದೋ ಕಾಣೆ.

"ಅಮ್ಮನ ಥರ ಆಡ್ಬೇಡ ಕಣೋ, ನೆಟ್ಟಗಿದೀನಿ," ಎಂದು ಕೀಲನ್ ನೀಲಗಿರಿ ಮರಕ್ಕೆ ಒರಗಿ ಕೂತ.

ಮಾತ್ರೆಯಿದ್ದ ಪೊಟ್ಟಣದ ಮೂಲೆಯಲ್ಲಿ ಒಂಚೂರು ಪುಡಿ ಉಳಿದಿತ್ತು. ಅದನ್ನು ಹಿಡಿದು ಡೇರೆಗೆ ಓಡಿದೆ. ಪರೀಕ್ಷೆ ಮಾಡುವ ಬ್ರಿಜೆಟ್ ಪುಡಿಗೆ ಲೇಸರ್ ಬಿಟ್ಟಳು. ಪರದೆಯಲ್ಲಿ ಗೆರೆ ಎದ್ದಿತು.

"ಎಂಡಿಎಂಎ ಸ್ವಲ್ಪ, ಮಿಕ್ಕಿದ್ದು ಸಕ್ಕರೆ. ಚೆನ್ನಾಗಿ ಟೋಪಿ ಹಾಕಿದಾರೆ ನಿಂಗೆ."

ಉಸಿರು ಬಿಟ್ಟೆ.

"ಇರು. ಜಾಸ್ತಿ ಇರೋದಷ್ಟೇ ಇದಕ್ಕೆ ಕಾಣೋದು."

ಪುಡಿಯನ್ನು ಕರಗಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕಣಗಳನ್ನು ಮೆತ್ತಿದ ಪಟ್ಟಿಯೊಂದರ ಮೇಲೆ ಹನಿ ಬಿಟ್ಟಳು. ಬೆಳ್ಳಿಗೆ ಅಂಟಿಕೊಂಡದ್ದು ಎಷ್ಟು ಕಡಿಮೆಯಿದ್ದರೂ ಅದರ ಗುರುತು ಸಾವಿರಾರು ಪಟ್ಟು ಹಿಗ್ಗಿ ಕಾಣುತ್ತದಂತೆ. ಮತ್ತೆ ಅದೇ ಬೆಳಕು. ಪರದೆಯ ಗೆರೆಯಲ್ಲಿ ಮೊದಲು ಬೋಳಾಗಿದ್ದ ಕಡೆ ಈಗ ಸಣ್ಣದೊಂದು ಮೊನೆ ಎದ್ದಿತ್ತು. ಬ್ರಿಜೆಟ್ ಇನ್ನೊಂದು ಪಟ್ಟಿ ತೆಗೆದಳು. ಅದೇ ಮೊನೆ.

"ಯಾರಾದ್ರೂ ತಿಂದಿದಾರಾ?"

"ನನ್ ತಮ್ಮ. ಎರಡು."

"ನೈಟಜೀನ್ ಇದ್ದಂಗಿದೆ. ಕಣದಷ್ಟು ಸಾಕು, ಉಸಿರೇ ನಿಂತೋಗತ್ತೆ. ಎಲ್ಲಿದಾನೆ?"

ಡೇರೆಯಲ್ಲಿದ್ದ ನರ್ಸ್ ಜೊತೆ ಮರದ ಕಡೆಗೆ ಓಡಿದೆ. ಕೀಲನ್ ಗದ್ದ ಎದೆಗೆ ಬಿದ್ದು ಗೊರಕೆ ಹೊಡೆಯುತ್ತಿದ್ದ. "ಇವನ ಜಾತ್ರೆ ಆಗ್ಲೇ ಮುಗೀತು," ಎಂದು ಯಾರೋ ನಗುತ್ತ ಹೋದರು. ತುಟಿ ನೀಲಿಯಾಗಿತ್ತು. ಕೆನ್ನೆಗೆ ಬಾರಿಸಿದೆ. ನರ್ಸ್ ಅವನ ಮೂಗಿಗೆ ವಿಷ ತಡೆಯುವ ಔಷಧಿ ಸಿಂಪಡಿಸಿದಳು. ಏನೂ ಆಗಲಿಲ್ಲ. ಇನ್ನೊಂದು ಸಲ. ನೀರಿನಿಂದ ಮೇಲೆದ್ದವನಂತೆ ಅವನು ಉಸಿರೆಳೆದ.

"ಯಾಕೋ ಹೊಡೀತಿದೀಯ?"

"ಔಷಧಿ ಶಕ್ತಿ ಇಳಿದ್ಮೇಲೂ ವಿಷ ಒಳಗೇ ಇರತ್ತೆ," ಎಂದಳು ನರ್ಸ್. "ಮತ್ತೆ ಉಸಿರು ನಿಲ್ಲಬಹುದು. ಮಲಗೋಕೆ ಬಿಡಬೇಡ."

ನಮ್ಮನ್ನು ಹತ್ತಿಸಿಕೊಂಡ ಆಂಬುಲೆನ್ಸ್ ಗೇಟು ದಾಟುವಾಗ ಸಾಲಿನಲ್ಲಿ ಅದೇ ನಾಯಿ. ಅದನ್ನೇ ನೋಡುತ್ತ ಒಬ್ಬ ಹುಡುಗಿ ಬಾಯಿಗೆ ಕೈ ಒಯ್ದಳು. ನಾನು ಗಾಜು ಗುದ್ದಿದೆ. ಅವಳು ತಿರುಗಲಿಲ್ಲ.

"ಆಚೆ ಅಲ್ಲ, ಇವನನ್ನ ನೋಡು," ಎಂದು ನರ್ಸ್ ಗದರಿದಳು.

ಕೀಲನ್ ಕಣ್ಣು ಮುಚ್ಚುತ್ತಿತ್ತು.

"ಲೋ, ಮಾತಾಡು. ಬೈಯೋ ನನ್ನ."

"ಕತ್ತೆ."

"ಇನ್ನೊಂದು."

"...ಹಂದಿ."

"ಇನ್ನೊಂದು ಕಣೋ. ನಿಲ್ಲಿಸ್ಬೇಡ."