ಹದಿನೇಳನೇ ಚೌಕ

ಮಿನುಗಿತಲ್ಲ, ಈಗ ಮಿನುಗಿತು, ಕೇಬಲ್ಲಿನ ಕುತ್ತಿಗೆಯಲ್ಲಿದ್ದ ಹಸಿರು ದೀಪ, ಅಥವಾ ಕಿಟಕಿಯ ಬಿಸಿಲು ನೀರಿನ ಲೋಟಕ್ಕೆ ಬಿದ್ದು ಹಾಗನ್ನಿಸಿತೋ — ಅವಳು ಅಡಾಪ್ಟರನ್ನು ಕಿತ್ತು ಮತ್ತೆ ಚುಚ್ಚಿದಳು, ಒಂದು ತುದಿ ತಮ್ಮನ ಕಂಪ್ಯೂಟರಿಗೆ, ಇನ್ನೊಂದು ತುದಿ ತಮ್ಮನ ಮಾತಿನ ಪೆಟ್ಟಿಗೆಗೆ, ಎರಡನ್ನೂ ಬಳಸುತ್ತಿದ್ದವನು ಹೋಗಿ ಹನ್ನೆರಡು ದಿನ — ತೂಕದ ಯಂತ್ರ ರಿಪೇರಿ ಮಾಡುವವಳಿಗೆ ಈ ಅಡಾಪ್ಟರ್ ಹೊಸದೇನಲ್ಲ, ದಿನವೂ ಚೀಲದಲ್ಲೇ ಇರುತ್ತದೆ, ಲಾರಿ ತೂಗುವ ಹಳೇ ಯಂತ್ರಗಳೆಲ್ಲ ಇದರ ಮೂಲಕವೇ ಬಾಯಿ ಬಿಡುವುದು, ಆದರೆ ಅಂಗಡಿಯ ಕಂಪ್ಯೂಟರಿನಲ್ಲಿ ಮೌಸ್ ಒತ್ತಿದರೆ ಮುಗಿಯಿತು, ಇಲ್ಲಿ ತಮ್ಮನ ಕರಿ ಪರದೆ, ಪ್ರತಿಯೊಂದನ್ನೂ ಟೈಪ್ ಮಾಡಿಯೇ ಹೇಳಬೇಕು, ಕೈ ನೆಟ್ಟಗಿದ್ದ ಕಾಲದಲ್ಲಿ ಅವನು ನಗುತ್ತಿದ್ದ, ಅಕ್ಕಾ, ಅದಕ್ಕೆ ಹೆದರ್ಬೇಡ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತೆ, ನಿನ್ನ ಥರ ಒಂದಕ್ಕೆರಡು ಸೇರ್ಸಿ ಹೇಳಲ್ಲ. ಅವಳು ಕೇಳಿದಳು, ಏನೇನು ಜೋಡಣೆಯಾಗಿದೆ ಹೇಳು, ಪರದೆ ಪಟ್ಟಿ ಕೊಟ್ಟಿತು, ಕೀಲಿಮಣೆ, ಮೌಸ್, ಕೊನೆಯಲ್ಲಿ ಸೀರಿಯಲ್ ಅಡಾಪ್ಟರ್, ಇದೆ, ಗುರುತು ಹಿಡಿದಿದೆ, ಟಿಟಿವೈ ಯುಎಸ್‌ಬಿ ಸೊನ್ನೆ ಎಂದು ಹೆಸರನ್ನೂ ಇಟ್ಟಿದೆ, ಸರಿ ಬಾಗಿಲು ತೆಗಿ ಅಂದರೆ — ಅನುಮತಿ ಇಲ್ಲ. ಮನೆಯವಳಿಗೇ ಹೊಸ್ತಿಲಾಚೆ ನಿಲ್ಲು ಅಂದಂತೆ. ಒಳಗಿಂದ ಅಮ್ಮ, ಬಂತೇನೇ? ಇಲ್ಲಮ್ಮ, ಇನ್ನೂ ಇಲ್ಲ. ನಾಲ್ಕು ಗಂಟೆಗೆ ಅವ್ರು ಬಂದ್ಬಿಡ್ತಾರೆ ಕಣೇ. ಗೊತ್ತಮ್ಮ.

ನಾಲ್ಕಕ್ಕೆ ಸಂಸ್ಥೆಯ ಹೆಂಗಸು ಬರುತ್ತಾಳೆ, ಪೆಟ್ಟಿಗೆ ಅವರದು, ಮಾತು ನಿಂತವರಿಗೆ ಎರವಲು ಕೊಡುವುದು, ಇನ್ನೊಬ್ಬ ರೋಗಿ ಕಾಯುತ್ತಿದ್ದಾನಂತೆ, ಫೋನಿನಲ್ಲಿ ಎಷ್ಟು ಮೆತ್ತಗೆ ಹೇಳಿದಳು, ಬೇಜಾರು ಮಾಡ್ಕೋಬೇಡಿ ಮೇಡಂ, ಹೊಸಬರಿಗೆ ಕೊಡೋ ಮುಂಚೆ ಒಳಗಿರೋದನ್ನ ಅಳಿಸ್ತೀವಿ, ಕೊನೇ ಇನ್ನೂರು ಸಲ ಒತ್ತಿದ್ದು ಅದ್ರಲ್ಲಿರುತ್ತೆ, ಬೇಕಾದ್ರೆ ತೆಕ್ಕೊಳ್ಳಿ — ಅಮ್ಮ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು, ಕೇಳಿಸಿಕೊಳ್ಳಬಾರದಿತ್ತು, ಅಂದಿನಿಂದ ಒಂದೇ ಜಪ, ಆಸ್ಪತ್ರೆಗೆ ಪೆಟ್ಟಿಗೆ ಒಯ್ಯಲಿಲ್ಲ, ಮನೇಲಿ ಹೇಳಿದ್ದೇ ಅವನ ಕೊನೇ ಮಾತು, ಏನಂದ ಅಂತ ನಂಗೆ ಗೊತ್ತಾಗ್ಬೇಕು. ಗುಂಪಿಗೆ ಸೇರಿಸಬೇಕು, ಹೌದು, ಈ ಬಾಗಿಲನ್ನು ಮುಟ್ಟಬಹುದಾದವರ ಗುಂಪೊಂದು ಇರುತ್ತದೆ, ಅವನು ಹಿಂದೆ ಬರೆದಿಟ್ಟ ಹಾಳೆಯಲ್ಲಿ ಅದರ ಹೆಸರಿದೆ, ಡಯಲ್‌ಔಟ್, ಅದಕ್ಕೆ ತನ್ನ ಹೆಸರು ಸೇರಿಸಿ, ಹೊರಗೆ ಹೋಗಿ ಮತ್ತೆ ಒಳಗೆ ಬಾ, ಪಾಸ್‌ವರ್ಡು ಅವನ ಹುಟ್ಟಿದ ವರ್ಷ, ಅವಳು ಅವನನ್ನು ಸೊಂಟದ ಮೇಲೆ ಎತ್ತಿಕೊಂಡು ಓಣಿಯೆಲ್ಲ ತಿರುಗಿಸಿದ ವರ್ಷ, ಆರು ವರ್ಷದ ಅವಳ ಸೊಂಟಕ್ಕೆ ಅವನೇ ಒಂದು ಮೂಟೆ, ಕೊನೆಗೆ ಮೂವತ್ತೆಂಟು ಕೆಜಿ, ಹಾಸಿಗೆಯಿಂದ ಕುರ್ಚಿಗೆ ಎತ್ತುವಾಗ ತೂಕ ಅಂದಾಜು ಮಾಡುವ ಅಭ್ಯಾಸ ಬಿಡಲಾಗಲಿಲ್ಲ, ಸ್ನಾಯುಗಳೆಲ್ಲ ಒಂದೊಂದಾಗಿ ಕೈಕೊಟ್ಟು ಬಲಗೈಯ ತೋರುಬೆರಳೊಂದೇ ಉಳಿದಿತ್ತು, ಅದರಡಿಯಲ್ಲಿ ಸ್ವಿಚ್ಚು, ಪೆಟ್ಟಿಗೆಯ ಚಿತ್ರದ ಚೌಕಗಳ ಮೇಲೆ ದೀಪ ಒಂದೊಂದಾಗಿ ಸರಿಯುತ್ತದೆ, ಬೇಕಾದ ಚೌಕಕ್ಕೆ ಬಂದಾಗ ಒತ್ತಿದರೆ ಪೆಟ್ಟಿಗೆ ಅದನ್ನು ಹೇಳುತ್ತದೆ. ಬಾಗಿಲು ತೆರೆಯಿತು. ಪರದೆಯ ತುಂಬ ಕಸ, ಪ್ರಶ್ನೆಚಿಹ್ನೆ, ಮುರುಕು ಅಕ್ಷರ, ವೇಗ ಹೊಂದಿಲ್ಲ, ಎತ್ತು ಏರಿಗೆಳೆದರೆ ಕೋಣ ನೀರಿಗೆ, ಎರಡೂ ಒಂದೇ ವೇಗದಲ್ಲಿ ಮಾತಾಡದಿದ್ದರೆ ಹೀಗೇ, ಇಲ್ಲಿಗೇ ಬಿಡಬಹುದು, ಅಮ್ಮ, ಬರ್ಲಿಲ್ಲ, ಹಾಳಾಗಿದೆ ಅಂದುಬಿಡಬಹುದು, ಅಮ್ಮನಿಗೇನು ತಿಳಿಯುತ್ತದೆ — ಬೆರಳು ಮಾತ್ರ ನಿಲ್ಲಲೊಲ್ಲದು, ಕಸುಬಿನ ಬೆರಳು, ವೇಗ ಬದಲಿಸಿತು, ನಾಲ್ಕು ಸಾವಿರದ ಎಂಟುನೂರು, ಕಸ, ಹತ್ತೊಂಬತ್ತು ಸಾವಿರದ ಇನ್ನೂರು, ಕಸ.

ನಿದ್ದೆ ಮಾಡಿರುತ್ತಾನೆ ಆ ಮಧ್ಯಾಹ್ನ, ಆಸ್ಪತ್ರೆಗೆ ಸೇರಿಸಿದ್ದರ ಹಿಂದಿನ ದಿನ, ಊಟವಾದ ಮೇಲೆ ಮಲಗುತ್ತಿದ್ದನಲ್ಲ. ಅಮ್ಮ ದೊಡ್ಡಮ್ಮನ ಮನೆಗೆ ಹೋಗಿದ್ದಳು, ಎಷ್ಟೋ ತಿಂಗಳ ಮೇಲೆ ಮನೆ ಬಿಟ್ಟು ಹೊರಟವಳು, ಇವಳೇ ಬಲವಂತ ಮಾಡಿ ಕಳಿಸಿದ್ದು, ಆಗಲೇ ತೂಕದ ಕಟ್ಟೆಯವನ ಫೋನು, ಮೇಡಂ, ಖಾಲಿ ಲಾರಿಗೂ ನಲವತ್ತು ಕೆಜಿ ಜಾಸ್ತಿ ತೋರಿಸ್ತಿದೆ, ಹಿಂದೆ ಲಾರಿ ಸಾಲು ನಿಂತಿದೆ, ಇತ್ತ ಪೆಟ್ಟಿಗೆ ನೀರು ಅಂದಿತು, ಕುಡಿಸಿದಳು, ಕುಡಿಸಿದ ಮೇಲೂ ಏನೋ ಅಂದಿತು, ಐದು ನಿಮಿಷ ಕಣೋ ಎಂದು ಧ್ವನಿಯ ತಿರುಪನ್ನು ಸೊನ್ನೆಗೆ ತಿರುಗಿಸಿ ಪಕ್ಕದ ಕೋಣೆಗೆ ಹೋದಳು. ಫೋನಿನಲ್ಲೇ ಒಂದು ತಾಸು ಹೋಯಿತು. ಆಮೇಲೆ ಸುಮ್ಮನೆ ಬೆನ್ನು ಚಾಚಿದ್ದು. ಎದ್ದಾಗ ಐದಾಗುತ್ತಿತ್ತು, ಓಡಿಹೋಗಿ ತಿರುಪನ್ನು ಮೊದಲಿನ ಜಾಗಕ್ಕೇ ತಂದಿಟ್ಟಳು, ಅವನು ನೋಡಿದ, ನೋಡುತ್ತಲೇ ಇದ್ದ, ಏನೂ ಒತ್ತಲಿಲ್ಲ. ಅಮ್ಮ ಬಂದು ಪಾದ ಮುಟ್ಟಿ, ಯಾಕೋ ಮಗಾ ಹಿಂಗೆ ತಣ್ಣಗಾಗಿದೀಯ. ರಾತ್ರಿಗೆ ಜ್ವರ, ಬೆಳಗ್ಗೆ ಆಸ್ಪತ್ರೆ, ಎದೆಯಲ್ಲಿ ಕಫ ಕಟ್ಟಿದೆ, ಇಂಥ ಕಾಯಿಲೆಯಲ್ಲಿ ಇದು ಬಂದೇ ಬರುತ್ತೆ, ನೀವು ಚೆನ್ನಾಗೇ ನೋಡ್ಕೊಂಡಿದೀರಿ ಎಂದರು ಡಾಕ್ಟರು, ಚೆನ್ನಾಗೇ — ಒಂಬತ್ತು ಸಾವಿರದ ಆರುನೂರು ಎಂದು ಟೈಪ್ ಮಾಡಿ ಒತ್ತಿದಳು.

ಕಸವಲ್ಲ. ಸಾಲುಗಳು, ದಿನಾಂಕ, ಗಂಟೆ, ಚೌಕದ ಸಂಖ್ಯೆ, ಅಷ್ಟೇ, ಒಂದರ ಕೆಳಗೊಂದು ಸ್ವಚ್ಛವಾಗಿ ಇಳಿದು ನಿಂತವು. ಆ ಶುಕ್ರವಾರ. ಒಂದು ಗಂಟೆ ಐವತ್ತೆರಡು, ನಾಲ್ಕನೇ ಚೌಕ, ನಾಲ್ಕು ಅಂದರೆ ನೀರು. ಒಂದು ಐವತ್ತೆಂಟು, ಹದಿನೇಳು. ಎರಡು ಗಂಟೆ ಮೂರು ನಿಮಿಷ, ಹದಿನೇಳು. ಎರಡು ಏಳು, ಹದಿನೇಳು. ಎರಡು ಹನ್ನೊಂದು, ಹದಿನೇಳು. ಪರದೆಯನ್ನು ಸರಿಸಿದಳು, ಹದಿನೇಳು, ಸರಿಸಿದಳು, ಹದಿನೇಳು, ಎಣಿಸಬಾರದು, ಎಣಿಸಿದಳು, ನಲವತ್ತೊಂದು, ಕೊನೆಯದು ನಾಲ್ಕು ಮೂವತ್ತಾರಕ್ಕೆ, ಅಲ್ಲಿಂದಾಚೆ ಖಾಲಿ. ಪೆಟ್ಟಿಗೆಯ ಮುಖದ ಮೇಲೆ ಮೂವತ್ತೆರಡು ಚೌಕ, ಸಾಲಿಗೆ ಎಂಟು, ಹದಿನೇಳು ಅಂದರೆ ಮೂರನೇ ಸಾಲಿನ ಮೊದಲನೆಯದು, ಅವಳೇ ಬರೆದು ಅಂಟಿಸಿದ ಚಿತ್ರ, ಮೂರು ರೆಕ್ಕೆಯ ಫ್ಯಾನು, ಅದರ ಮೇಲೆ ಅಡ್ಡಲಾಗಿ ಕೆಂಪು ಗೀಟು. ಫ್ಯಾನ್ ಆರಿಸು. ಅಷ್ಟೇ ಕೇಳಿದ್ದು.

ಬಂತಾ? ಅಮ್ಮ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ, ಬಂತು ಅಲ್ವಾ, ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ, ಏನಂದಿದ್ದಾನೆ? ಸುಳ್ಳು ಹೇಳಬೇಕೆಂದು ಅವಳೇನೂ ನಿರ್ಧರಿಸಲಿಲ್ಲ, ನಾಲಿಗೆ ಮುಂದಾಯಿತು, ಅಮ್ಮ ಅಂದಿದ್ದಾನೆ. ಅಮ್ಮ ಅಂತಾನಾ? ಹೂಂ. ಎಷ್ಟು ಸಲ? ನಲವತ್ತೊಂದು ಸಲ — ಅಮ್ಮನ ಮುಖ ಅರಳಿತು, ನಿಜವಾಗಿ ಅರಳಿತು, ಕಾಯಿಲೆ ಶುರುವಾದಂದಿನಿಂದ ಹಾಗೆ ಅರಳಿದ್ದನ್ನು ಅವಳು ಕಂಡಿರಲಿಲ್ಲ, ಆಮೇಲೆ ಅಮ್ಮ ಪರದೆಯ ಹತ್ತಿರ ಬಗ್ಗಿದಳು, ಅಕ್ಷರ ತಿಳಿಯದಿದ್ದರೂ ದಿನಾಂಕ ತಿಳಿಯುತ್ತದೆ, ಇದು ಶುಕ್ರವಾರ ಅಲ್ವೇನೇ, ನಾನು ಅಕ್ಕನ ಮನೆಗೆ ಹೋದ ದಿನ, ಅಯ್ಯೋ, ನನ್ನ ಕೂಸು ನಲವತ್ತೊಂದು ಸಲ ಕರೀತು, ನಾನಿರ್ಲಿಲ್ಲ, ಅಲ್ಲಿ ಕೂತು ಹರಟೆ ಹೊಡೀತಿದ್ದೆ, ನಾನಿರ್ಲಿಲ್ಲವಲ್ಲೇ — ಅಮ್ಮ ನೆಲಕ್ಕೆ ಕುಸಿದು ಕೂತಳು, ಹೇಳಬೇಕು, ಈಗಲೇ, ಅಮ್ಮ, ನಿನ್ನನ್ನಲ್ಲ, ಒಂದು ಮಾತು ಸಾಕು, ಯಾರೋ ಹೊರಗೆ ಕರೆಗಂಟೆ ಒತ್ತುತ್ತಿದ್ದಾರೆ, ನಾಲ್ಕಾಯಿತೇನೋ, ಮೂರನೇ ಸಾಲು, ಮೊದಲನೇ ಚೌಕ, ಮೂರು ರೆಕ್ಕೆ, ಕೆಂಪು ಗೀಟು, ಗೀಟು ಸ್ವಲ್ಪ ಸೊಟ್ಟ, ಎಳೆಯುವಾಗ ಕೈ ಅಲುಗಿತ್ತು, ಮೂರು ರೆಕ್ಕೆ, ಕೆಂಪು ಗೀಟು, ರೆಕ್ಕೆ, ಗೀಟು