ಮಾವನಿಗೆ ಹೇಳಿದ ಅರ್ಥ

ನನಗೆ ನೋಡಿದ ಹುಡುಗ ಸಮ್ಮೇದನ ಇಂಗ್ಲಿಷ್ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಅದು ತಪ್ಪು ಇಂಗ್ಲಿಷ್ ಎಂದಲ್ಲ. ಮೂಡುಬಿದಿರೆಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನಾನು ದಿನವೂ ತಪ್ಪು ಇಂಗ್ಲಿಷ್ ಕೇಳುತ್ತೇನೆ, ಯಾರ ಮೇಲೂ ಸಿಟ್ಟು ಬರುವುದಿಲ್ಲ. ಇವನದು ಸರಿಯಾದ ಇಂಗ್ಲಿಷ್. ಎರಡು ವರ್ಷ ಲಂಡನ್ನಿನಲ್ಲಿ ಓದಿ ಬಂದು, ಬೆಳ್ತಂಗಡಿಯಲ್ಲಿ ಅಪ್ಪನ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುತ್ತಿದ್ದವನು ಅದನ್ನು ನನ್ನನ್ನು ಚುಚ್ಚುವುದಕ್ಕೆಂದೇ ಇಟ್ಟುಕೊಂಡಿದ್ದ. ನಮ್ಮವರ ಎದುರೇ ನನ್ನನ್ನು ಆಡಿಕೊಳ್ಳುತ್ತಿದ್ದ. ಅವರಿಗೆ ತಿಳಿಯುತ್ತಿರಲಿಲ್ಲ, ನನಗೆ ತಿಳಿಯುತ್ತಿತ್ತು. ಅವನಿಗೆ ಬೇಕಾದದ್ದೂ ಅಷ್ಟೇ.

ಈ ಸಂಬಂಧ ಬೇಡ ಎಂದು ಅಮ್ಮನಿಗೆ ಹೇಳಿದೆ. ಅಮ್ಮ ಮಾವನ ಕಡೆ ಕೈ ತೋರಿಸಿದರು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಮದುವೆಯ ಮಾತೆಲ್ಲ ಸೋದರಮಾವನದು. ಸನತ್‌ಕುಮಾರ ಮಾವ ಪೇಪರಿನಿಂದ ತಲೆ ಎತ್ತದೆ ಹೇಳಿದರು, “ವಯಸ್ಸು ಮೂವತ್ತೆರಡು ಆಯ್ತು ಸುಪ್ರೀತಾ. ಇನ್ನೂ ಎಂಥ ನೋಡ್ಲಿಕ್ಕೆ ಉಂಟು?”

ನಿಶ್ಚಿತಾರ್ಥ ಬೆಳ್ತಂಗಡಿಯ ಒಂದು ಸಭಾಂಗಣದಲ್ಲಿ. ಎರಡೂ ಕಡೆಯ ಮಾವಂದಿರು ವೀಳ್ಯದೆಲೆ, ಅಡಕೆಯ ಹರಿವಾಣ ಬದಲಾಯಿಸಿಕೊಂಡರೆ ಮುಗಿಯಿತು. ಆಮೇಲೆ ಬೇಡ ಎಂದರೆ ಕೆಟ್ಟ ಹೆಸರು ಹುಡುಗಿಗೇ. ಹರಿವಾಣ ಕೊಡುವ ಮೊದಲು ಹುಡುಗಿಯ ಮಾವ ಎದ್ದು ನಿಂತು ಸೇರಿದವರ ಒಪ್ಪಿಗೆ ಕೇಳಬೇಕು, ಎಲ್ಲರೂ ತುಳುವಿನಲ್ಲಿ “ಆವು”, ಆಗಬಹುದು, ಎನ್ನಬೇಕು. ಕೇಳುವುದು ಬರೀ ಶಾಸ್ತ್ರಕ್ಕೆ. ಆಗದು ಎಂದವರನ್ನು ನಾನು ಕಂಡಿಲ್ಲ.

ಅದಕ್ಕಿಂತ ಮೊದಲೇ ಸಮ್ಮೇದ್ ಮೈಕ್ ಹಿಡಿದ. “ಸೋ, ಐ ಆಮ್ ಟೈಯಿಂಗ್ ದ ನಾಟ್,” ಎಂದು ಶುರುಮಾಡಿ, ನನ್ನತ್ತ ವಾರೆಗಣ್ಣಿನಿಂದ ನೋಡಿ, “ಸಮ್‌ಬಡಿ ಹ್ಯಾಡ್ ಟು ಟೇಕ್ ಹರ್ ಆಫ್ ದ ಶೆಲ್ಫ್,” ಎಂದ. ಆಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ, “ಮೀಟ್ ಮೈ ಬಾಲ್ ಆಂಡ್ ಚೇನ್.” ಅವನ ಗೆಳೆಯರು ಶಿಳ್ಳೆ ಹೊಡೆದರು. ಅವರು ನಕ್ಕದ್ದು ನೋಡಿ ನಮ್ಮವರೂ ನಕ್ಕರು. ಒಂದಕ್ಷರ ಅರ್ಥವಾಗದಿದ್ದರೂ ಹಲ್ಲು ಕಿರಿದು ನಕ್ಕರು. ನನಗೆ ಅವನಿಗಿಂತ ನಮ್ಮವರ ಮೇಲೆ ಹೇಸಿಗೆಯಾಯಿತು.

ಮಾವ ಹರಿವಾಣ ಹಿಡಿದು ಎದ್ದರು. “ಸೇರಿದ ಹತ್ತು ಸಮಸ್ತರಿಗೆ ಒಪ್ಪಿಗೆಯಾ?”

ಸಭೆ ಬಾಯಿ ತೆರೆಯುವ ಮೊದಲೇ ನಾನು ಸಮ್ಮೇದನ ಕೈಯಿಂದ ಮೈಕ್ ಕಿತ್ತುಕೊಂಡೆ.

“ಮಾವ, ಇವರು ಹೇಳಿದ್ದು ನಿಮಗೆ ಅರ್ಥ ಆಗ್ಲಿಲ್ಲ. ನಾನು ಹೇಳ್ತೇನೆ. ಶೆಲ್ಫಿನಿಂದ ತೆಗೆದದ್ದು ಅಂದ್ರೆ, ನಾನು ಅಂಗಡಿಯಲ್ಲಿ ಯಾರಿಗೂ ಬೇಡದೆ ಧೂಳು ಹಿಡಿದ ಸಾಮಾನು, ಇವರು ಪಾಪ ಅಂತ ಎತ್ತಿಕೊಂಡದ್ದು. ಬಾಲ್ ಆಂಡ್ ಚೇನ್ ಅಂದ್ರೆ ಕೈದಿಯ ಕಾಲಿಗೆ ಸರಪಳಿ ಹಾಕಿ ಕಟ್ಟುವ ಕಬ್ಬಿಣದ ಗುಂಡು. ಅದೂ ನಾನೇ.”

ಸಭೆ ಮತ್ತೆ ನಕ್ಕಿತು. “ಟೀಚರ್ ಪಾಠ ಶುರು ಮಾಡಿದ್ರು,” ಎಂದು ಹಿಂದಿನಿಂದ ಯಾರೋ ಹೇಳಿದರು. ಅಮ್ಮ ಕೂತ್ಕೊ ಎಂದು ಕೈಸನ್ನೆ ಮಾಡಿದರು. ಮಾವನೂ ನಗುತ್ತಿದ್ದರು.

“ತಮಾಷೆಗೆ ಹೇಳಿದ್ದು. ಗಂಡಸರು ಹೆಂಡತಿಗೆ ಹಾಗೆಲ್ಲ ಹೇಳುವುದು ಉಂಟು. ಮೈಕ್ ಕೊಡು.”

ಅಷ್ಟು ಹೇಳಿ ಅವರು ಹರಿವಾಣ ಮುಂದೆ ಚಾಚಿದರು. ಹುಡುಗನ ಮಾವ ಎರಡೂ ಕೈ ನೀಡಿದರು.

“ಇನ್ನೊಂದು ಬಾಕಿ ಉಂಟು ಮಾವ. ಟೈಯಿಂಗ್ ದ ನಾಟ್. ಅದು ನಿಮಗೆ ಹೇಳಿದ್ದು. ಗತಿಗೆಟ್ಟ ಮನೆಯ ಯಜಮಾನ ತನ್ನ ಮನೆಯ ಹೆಣ್ಣನ್ನು ದೊಡ್ಡವರ ಹಟ್ಟಿಯಲ್ಲಿ ದನ ಕಟ್ಟಿದ ಹಾಗೆ ಕಟ್ಟಿ ಹೋಗುವುದಕ್ಕೆ ಇಂಗ್ಲಿಷಿನಲ್ಲಿ ಹಾಗೆ ಹೇಳುವುದು.”

ಶುದ್ಧ ಸುಳ್ಳು. ಮದುವೆಯಾಗುತ್ತಿದ್ದೇನೆ ಎನ್ನುವುದನ್ನು ಬಿಟ್ಟು ಅದಕ್ಕೆ ಬೇರೆ ಅರ್ಥವೇ ಇಲ್ಲ. ಅವನಾಡಿದ್ದರಲ್ಲಿ ವಿಷವಿಲ್ಲದ ಮಾತು ಅದೊಂದೇ.

ಮಾವನ ನಗು ನಿಂತಿತು. ಸಮ್ಮೇದ್ ಮುಂದೆ ಬಂದು, “ಶಿ ಈಸ್ ಲೈಯಿಂಗ್, ಅಂಕಲ್. ಇಟ್ ಡಸಂಟ್ ಮೀನ್ ದಟ್,” ಎಂದ. ಗಾಬರಿಯಲ್ಲಿಯೂ ಅವನಿಗೆ ಬಂದದ್ದು ಇಂಗ್ಲಿಷೇ.

“ಈಗಲೂ ಇಂಗ್ಲಿಷಾ?” ಎಂದರು ಮಾವ. ಅವನ ಗೆಳೆಯರು ತುಳುವಿನಲ್ಲಿ ಏನೇನೋ ವಿವರಿಸಲು ಹೋದರು. ಮಾವ ಯಾರ ಮುಖವನ್ನೂ ನೋಡಲಿಲ್ಲ. ಹರಿವಾಣವನ್ನು ಎದೆಗೆ ಒತ್ತಿಕೊಂಡು ವೇದಿಕೆಯ ಮೆಟ್ಟಿಲಿಳಿದರು. “ನಡೀರಿ. ಊಟ ಇಲ್ಲಿ ಬೇಡ.”

ಕಾರು ಪುಂಜಾಲಕಟ್ಟೆ ದಾಟಿತು. ಆಗ ಮಾವ ಸ್ಟಿಯರಿಂಗ್ ಹಿಡಿದುಕೊಂಡೇ ಹೇಳಿದರು, “ನಿನಗೆ ಹೇಳಿದ್ದನ್ನಾದರೆ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ನನಗೆ ಹೇಳಿದ್ರೆ ನಾನು ಕೇಳಿಕೊಂಡು ಕೂರುವ ಜನ ಅಲ್ಲ.”

“ಅದು ಹೌದು,” ಎಂದರು ಅಮ್ಮ.

ಹಿಂದಿನ ಸೀಟಿನಲ್ಲಿ ನಾನು ಹಲ್ಲು ಕಚ್ಚಿ ಕೂತೆ. ಸಮ್ಮೇದನ ಮೇಲಿನ ಸಿಟ್ಟು ಆಗಲೇ ಹಳತಾಗಿತ್ತು.

ಸ್ವಲ್ಪ ದೂರ ಹೋದ ಮೇಲೆ ಮಾವ ಕನ್ನಡಿಯಲ್ಲಿ ನನ್ನನ್ನು ನೋಡಿದರು. ದನಿ ಮೆತ್ತಗಾಗಿತ್ತು. “ಆ ಮೂರನೆಯ ಮಾತಿನ ಅರ್ಥ ನಿಜವಾಗಿ ಅದೇ ಅಲ್ವಾ? ಅವ ಅಲ್ಲ ಅಲ್ಲ ಅಂತ ಹೇಳ್ತಾ ಇದ್ದ.”

ನಿಜ ಹೇಳಿದ್ದರೆ ಅವರು ಕಾರನ್ನು ಅಲ್ಲಿಂದಲೇ ಬೆಳ್ತಂಗಡಿಗೆ ತಿರುಗಿಸುತ್ತಿದ್ದರು.

“ಅದೇ ಮಾವ,” ಎಂದೆ.